ಹಿನ್ನೀರಿನ ದೋಣಿಗೆ ನಾನು ಆರಿಸಿದ ಮೋಟಾರು

ಹೋದ ವಾರ ನುಗ್ಗೇಹಳ್ಳಿಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ಕಾಂಪೌಂಡಿನಾಚೆಯ ತೆಂಗಿನ ತೋಟದಲ್ಲಿ ಯಾರೋ ಕಳೆ ಹೊಡೆಯುವ ಮೆಷಿನ್ನು ಶುರು ಮಾಡಿದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಡುವಾಗ ಏಳುವ ನೀಲಿ ಹೊಗೆ ಕಿಟಕಿಯಿಂದ ಒಳಗೆ ಬಂತು. ನನ್ನ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಅರ್ಧ ಅಕ್ಷರಕ್ಕೇ ನಿಂತುಬಿಟ್ಟಿತು. ಮುಂದಿನ ಬೆಂಚಿನ ಹುಡುಗಿ, “ಮಿಸ್, ತಲೆ ಸುತ್ತುತ್ತಾ?” ಎಂದಳು. ಇಲ್ಲಮ್ಮ ಎಂದೆ. ಆದರೆ ಆ ದಿನ ಉಳಿದ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನನ್ನು ಅರಕಲಗೂಡು ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹಾಕಿದ್ದರು. ಹೇಮಾವತಿಯ ಹಿನ್ನೀರಿನ ದಡದ ಶಾಲೆ. ನಾನು ಹೊಳೆನರಸೀಪುರದವಳು. ಹೊಳೆಯ ಊರಿನವಳಾದರೂ ನೀರೆಂದರೆ ಹೆದರಿಕೆ. ಮೆಟ್ಟಿಲ ಮೇಲೆ ಕೂತು ತಂಬಿಗೆಯಲ್ಲಿ ಮೊಗೆದುಕೊಂಡೇ ಬೆಳೆದವಳು. ನಮ್ಮ ಮನೆಯಲ್ಲಿ ಮೂರು ತಲೆಮಾರು ಮೇಷ್ಟರು, ಅದಕ್ಕೂ ಹಿಂದೆ ಅರ್ಚಕರು. ನಾವು ಹೇಳಿದ್ದನ್ನು ಜನ ಕೇಳಿಸಿಕೊಳ್ಳಬೇಕು ಅನ್ನುವ ಭ್ರಮೆ ನಮಗೆ ರಕ್ತದಲ್ಲೇ ಬಂದದ್ದು. ಆ ವರ್ಷದ ಕತೆಗೆಲ್ಲ ಅದೇ ಮೂಲ.

ಕೆಲಸಕ್ಕೆ ಸೇರಿದ ಮೊದಲ ದಿನ. ಜೂನ್ ತಿಂಗಳ ಜಿಟಿಜಿಟಿ ಮಳೆ. ಶಾಲೆಯ ಹಿಂದಿನ ದಡಕ್ಕೆ ಒಂದು ಹಳೇ ಫೈಬರ್ ದೋಣಿ ಅದೇ ನೀಲಿ ಹೊಗೆ ಉಗುಳುತ್ತ ಬಂದು ನಿಂತಿತು. ಅದರಿಂದ ನನ್ನ ಹತ್ತನೇ ತರಗತಿಯ ಆರು ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರು. ಮೈಮೇಲೆ ಲೈಫ್ ಜಾಕೆಟ್ ಎಂಬುದಿಲ್ಲ. ಇಡೀ ದೋಣಿಗೆ ಇದ್ದದ್ದು ಗಾಳಿ ತುಂಬಿದ ಒಂದು ಲಾರಿ ಟ್ಯೂಬು. ನಡೆಸುವವರು ಎಪ್ಪತ್ತರ ಆಸುಪಾಸಿನ ನಂಜೇಗೌಡರು. ಪಂಚೆ ಮೇಲಕ್ಕೆ ಕಟ್ಟಿ, ತಲೆಗೊಂದು ಟವೆಲ್ಲು ಸುತ್ತಿ, ಸೈಕಲ್ ಸ್ಟ್ಯಾಂಡ್ ಹಾಕುವಷ್ಟು ಸಲೀಸಾಗಿ ದೋಣಿಯನ್ನು ದಡಕ್ಕೆ ಒತ್ತಿದರು.

“ಇವರು ದಿನಾ ಹೀಗೇ ಬರೋದಾ?” ಎಂದು ಹೆಡ್‌ಮಾಸ್ಟರನ್ನು ಕೇಳಿದೆ.

“ಇನ್ನೇನು ಹಾರಿಕೊಂಡು ಬರ್ತಾರಾ ಮೇಡಂ?” ಎಂದರು ಅವರು. ಆಚೆ ದಡದ ಹೊಸಕೊಪ್ಪಲಿನಿಂದ ರಸ್ತೆಯಲ್ಲಿ ಬರಬೇಕೆಂದರೆ ಹಿನ್ನೀರನ್ನೆಲ್ಲ ಸುತ್ತಬೇಕು. ಇರುವುದೊಂದೇ ಬಸ್ಸು, ಅದು ತಲುಪುವಾಗ ಎರಡನೇ ಪೀರಿಯಡ್ಡು ಮುಗಿದಿರುತ್ತದೆ. ದೋಣಿ ನಿಂತರೆ ಆ ಆರು ಮಕ್ಕಳ ಓದು ನಿಂತಂತೆಯೇ. ಹಳೇ ಕೊಪ್ಪಲು ಅಣೆಕಟ್ಟೆಯ ನೀರಿನಡಿ ಮುಳುಗಿದೆ, ದೋಣಿ ದಿನಾ ಅದರ ಮೇಲೆಯೇ ಹಾದುಬರುತ್ತದೆ ಎಂದೂ ಹೇಳಿದರು.

ಗೌರಿ ಹಬ್ಬದ ಹೊತ್ತಿಗೆ ಆ ದೋಣಿಯ ಎಂಟು ಎಚ್‌ಪಿ ಮೋಟಾರು ಪ್ರಾಣ ಬಿಟ್ಟಿತು. ಕರಾವಳಿಯಿಂದ ದೋಣಿಯ ಜೊತೆಗೇ ಸೆಕೆಂಡ್ ಹ್ಯಾಂಡಿಗೆ ತಂದದ್ದಂತೆ. ಬಿಡಿಭಾಗ ಸಿಗುವುದಿಲ್ಲ, ರಿಪೇರಿಗೆ ಬಗ್ಗುವುದಿಲ್ಲ. ಗೌಡರು ಹುಟ್ಟು ಹಾಕಿಕೊಂಡೇ ಮಕ್ಕಳನ್ನು ಕರೆತರತೊಡಗಿದರು. ಗಾಳಿ ಇದ್ದ ದಿನ ಮುಕ್ಕಾಲು ಗಂಟೆ. ಮಕ್ಕಳು ನೆನೆದ ಕೋಳಿಗಳಂತೆ ಬಂದು ತರಗತಿಯಲ್ಲಿ ನಿದ್ದೆ ಹೊಡೆಯುತ್ತಿದ್ದರು. ಹತ್ತನೇ ತರಗತಿ, ಪಬ್ಲಿಕ್ ಪರೀಕ್ಷೆ. ಹೊಸ ಮೋಟಾರು ಹಾಕಿಸಲೇಬೇಕೆಂದು ನಾನು ಪಟ್ಟು ಹಿಡಿದೆ. ಕೊಪ್ಪಲಿನವರು ಹೇಗೋ ದುಡ್ಡು ಹೊಂದಿಸಲು ಒಪ್ಪಿಕೊಂಡರು.

ಈಗ ಪ್ರಶ್ನೆ, ಯಾವ ಮೋಟಾರು? ಕೊಪ್ಪಲಿನ ಹಿರಿಯರು ಶಾಲೆಯ ಜಗಲಿಗೆ ಬಂದು ಕೂತರು. ಹಾಲಿನ ಡೇರಿಯ ಕಾರ್ಯದರ್ಶಿ ರಾಜಣ್ಣ ಎಲ್ಲರ ಪರವಾಗಿ ಮಾತಾಡಿದ. ಅವನ ತೋಟದಲ್ಲಿ ಎರಡು ಕೊಳವೆಬಾವಿ. ಮೋಟಾರು ಅಂದರೆ ಅವನದೇ ಕೊನೆಯ ಮಾತು.

“ನೋಡಿ ಟೀಚರಮ್ಮ, ಮೋಟ್ರು ಸುಟ್ಟೋದ್ರೆ ಅಷ್ಟೇ ಎಚ್‌ಪಿದು ತಂದೋನು ದಡ್ಡ. ಒಂದು ಮೇಲೇ ತರ್ಬೇಕು. ನೀರು ಕೆಳಕ್ಕೋದಂಗೆ ಎಚ್‌ಪಿ ಮೇಲಕ್ಕೋಗ್ಬೇಕು. ನಮ್ಮಪ್ಪ ಮೂರು ಎಚ್‌ಪಿ ಮಡ್ಗಿದ್ದ, ನಾನು ಐದು ಮಡ್ಗಿದೆ, ಈಗ ಏಳೂವರೆ. ಅಂಗೇ ಇದೂವೆ.”

ಎಲ್ಲರೂ ತಲೆ ಆಡಿಸಿದರು. ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ಟಿನ ಧರ್ಮಶಾಸ್ತ್ರ ಇದು, ಯಾರೂ ಎದುರಾಡುವುದಿಲ್ಲ. ನಾನಾದರೂ ಎದುರಾಡಬೇಕಿತ್ತು. ನಾನು ಮಾಡಿದ್ದೇನೆಂದರೆ, ಬೋರ್ಡಿನ ಮೇಲೆ ‘ಸಾಮರ್ಥ್ಯ = ಕೆಲಸ ÷ ಕಾಲ’ ಎಂದು ಬರೆದು, ಮಕ್ಕಳ ತೂಕ, ದೂರ, ಉಳಿಯುವ ನಿಮಿಷ ಎಲ್ಲ ಸೇರಿಸಿ, ಹದಿನೈದು ಎಚ್‌ಪಿಯೇ ಸರಿ ಎಂದು ಕೆಳಗೆ ಎರಡು ಗೆರೆ ಎಳೆದುಬಿಟ್ಟೆ. ರಾಜಣ್ಣನ ಪಂಪ್‌ಸೆಟ್ಟಿಗೆ ವಿಜ್ಞಾನದ ಮುದ್ರೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ನಂಜೇಗೌಡರು ಒಬ್ಬರೇ ದೋಣಿಯತ್ತ ನೋಡುತ್ತಿದ್ದರು. ಆಮೇಲೆ, “ಎಂಟೇ ಸಾಕಿತ್ತು ಅಂತೀನಿ” ಎಂದರು.

“ಯಾಕೆ ಗೌಡ್ರೇ?”

“ದೋಣಿ ಅಳೇದು ಕಣ್ರವ್ವ.”

“ಹಳೇ ಎತ್ತಿಗೆ ಭಾರ ಜಾಸ್ತಿ ಅನ್ನೋ ಹಾಗಲ್ಲ ಇದು, ಬೇಗ ತಲುಪಿಸೋದು” ಎಂದು ನಕ್ಕೆ. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು. ನಿಜ ಹೇಳುತ್ತೇನೆ, ಯಾವ ದೋಣಿಗೆ ನಾನು ಮೋಟಾರು ನಿರ್ಧರಿಸುತ್ತಿದ್ದೆನೋ ಆ ದೋಣಿಯನ್ನು ನಾನು ಅಲ್ಲಿಯವರೆಗೆ ಒಂದು ಸಲವೂ ಹತ್ತಿರಲಿಲ್ಲ.

ಹಾಸನದಲ್ಲಿ ದೋಣಿಯ ಮೋಟಾರು ಎಲ್ಲಿ ಸಿಗಬೇಕು? ಪಂಪು, ಟಿಲ್ಲರು ಮಾರುವ ಅಂಗಡಿಯವರೊಬ್ಬರು ಮೊದಲು ಬಿದ್ದು ಬಿದ್ದು ನಕ್ಕು, ಆಮೇಲೆ ಮಂಗಳೂರಿನ ಯಾರಿಗೋ ಫೋನ್ ಮಾಡಿ, ಎರಡು ಮೋಟಾರು ತರಿಸಿದರು. ಬೇಡವಾದದ್ದನ್ನು ವಾಪಸು ಕಳಿಸುವ ಕರಾರು. ನಾನು, ರಾಜಣ್ಣ, ನಂಜೇಗೌಡರು ಬಸ್ಸು ಹಿಡಿದು ಹೋದೆವು. ಒಂದು ಎಂಟರದು, ಇನ್ನೊಂದು ಹದಿನೈದರದು. ಎಂಟರದನ್ನು ರಾಜಣ್ಣ ಒಂದೇ ಕೈಯಲ್ಲಿ ಎತ್ತಿ ಇಳಿಸಿದ. ಹದಿನೈದರದನ್ನು ಎತ್ತಲು ಅಂಗಡಿಯವರೂ ಕೈಕೊಡಬೇಕಾಯಿತು.

“ತೂಕ ನೋಡಿ! ತಾಮ್ರ ಎಚ್ಚಾಗೈತೆ” ಎಂದ ರಾಜಣ್ಣ, ಹೊಸ ಅಳಿಯನನ್ನು ಕಂಡವರ ಮುಖದಲ್ಲಿ.

ಪಂಪ್‌ಸೆಟ್ಟು ಕೊಳ್ಳುವಾಗ ನಮ್ಮ ಜನ ಮಾಡುವುದೇ ಹಾಗೆ. ಎತ್ತಿ ನೋಡುತ್ತಾರೆ, ಭಾರ ಇದ್ದರೆ ಒಳಗೆ ತಾಮ್ರ ಜಾಸ್ತಿ, ಬಾಳಿಕೆ ಜಾಸ್ತಿ. ಪೆಟ್ರೋಲಿನ ಎಂಜಿನ್ನಿಗೆ ತಾಮ್ರದ ಲೆಕ್ಕ ಎಲ್ಲಿಂದ ಬಂತು ಎಂದು ವಿಜ್ಞಾನದ ಟೀಚರಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ನಾನೂ ಹೌದು ಹೌದು ಎಂದೆ. ನಂಜೇಗೌಡರು ಎಂಟರದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನು ಸವರುತ್ತಿದ್ದರು. “ಟೀಚರಮ್ಮ, ಮೋಟ್ರು ಕಚ್ಚೋದು ದೋಣಿ ಇಂದ್ಗಡೆ ಅಲ್ಗೇನ. ಆ ಅಲ್ಗೆ ಒಳ್ಗೇ ಮರ. ನೀರು ಕುಡ್ದೈತೆ. ಇಷ್ಟು ಭಾರ ತಡ್ಯಕಿಲ್ಲ” ಎಂದರು.

“ಆ ಹಲಗೆಗೆ ಕಬ್ಬಿಣದ ಪಟ್ಟಿ ಹೊಡೆಸೋಣ ಗೌಡ್ರೇ. ಮಕ್ಕಳ ಪರೀಕ್ಷೆ ಮುಖ್ಯ, ನಿಮ್ಮ ಹಳೇ ಅಭ್ಯಾಸ ಅಲ್ಲ” ಎಂದುಬಿಟ್ಟೆ. ಅಂಗಡಿಯವರ ಮುಂದೆ, ಅಷ್ಟು ಜೋರಾಗಿ. ಗೌಡರು ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಆಯ್ತು, ನೀವು ಓದ್ದೋರು” ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಈಗ ನನ್ನನ್ನು ಚುಚ್ಚುವುದು.

ಪಟ್ಟಿ ಹೊಡೆಸಿದೆವು. ಹಲಗೆಗೆ ನೀಲಿ ಬಣ್ಣ ಬಳಿದೆವು. ಮೋಟಾರಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿ, ಬೂದುಗುಂಬಳ ಒಡೆದು ನೀರಿಗೆ ಇಳಿಸಿದೆವು. ಏಳು ನಿಮಿಷ! ಆಚೆ ದಡದಿಂದ ಏಳೇ ನಿಮಿಷದಲ್ಲಿ ಮಕ್ಕಳು ಬಂದಿಳಿದು ಕೇಕೆ ಹಾಕಿದರು. ಕಾರ್ತಿಕ, ಮಾರ್ಗಶಿರ, ಪುಷ್ಯ, ದಡದ ಹೊಂಗೆ ಎಲೆ ಉದುರುವವರೆಗೂ ಆ ಮೋಟಾರಿನ ಸದ್ದೇ ನಮ್ಮ ಶಾಲೆಯ ಮೊದಲ ಗಂಟೆ. ಮಕ್ಕಳು ಪ್ರಾರ್ಥನೆಗೆ ಮುಂಚೆ ಬಂದು ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಭವ್ಯ ಎಂಬ ಹುಡುಗಿ ವಿಜ್ಞಾನದಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದಳು. ನಾನು ಬೀಗಿದ್ದೇ ಬೀಗಿದ್ದು. ಸಾಲಗಾಮೆಯ ನನ್ನ ಅಕ್ಕನಿಗೆ ಫೋನ್ ಮಾಡಿ, “ನನ್ನ ಮೋಟಾರು” ಎಂದೇ ಹೇಳುತ್ತಿದ್ದೆ.

ಫೆಬ್ರವರಿ. ನಾಲೆಗೆ ನೀರು ಬಿಟ್ಟು ಹಿನ್ನೀರು ಇಳಿಯತೊಡಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನ ನಾನು ಬೇಗ ಬಂದು ದಡದಲ್ಲಿ ನಿಂತಿದ್ದೆ. ಬಿಸಿಲು ಆಗಲೇ ಚುರುಕಾಗಿತ್ತು. ದೋಣಿಯ ಸದ್ದು ದೂರದಲ್ಲಿ ಕೇಳಿತು, ಆಮೇಲೆ ನಿಂತಿತು. ಕಣ್ಣು ಕಿರಿದು ಮಾಡಿ ನೋಡಿದೆ. ದೋಣಿ ದಾರಿ ಬಿಟ್ಟು ಎಡಕ್ಕೆ ತಿರುಗಿ ಹೋಗುತ್ತಿತ್ತು. ಏನೋ ಪಳಪಳ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ದೋಣಿ ವಾಲಿತು.

ಆಮೇಲೆ ಕಂಡದ್ದು ಇದು. ಹಿನ್ನೀರಿನ ನಡುಮಧ್ಯದಲ್ಲಿ, ಸುತ್ತ ನೀರಲ್ಲದೆ ಏನೂ ಇಲ್ಲದ ಕಡೆ, ನನ್ನ ಆರು ಮಕ್ಕಳು ನಿಂತಿದ್ದರು. ಸೊಂಟದವರೆಗೆ ನೀರು, ಸೊಂಟದ ಮೇಲೆ ಯೂನಿಫಾರಮ್ಮು. ಒಬ್ಬರ ಪಕ್ಕ ಒಬ್ಬರು, ಪ್ರಾರ್ಥನೆಗೆ ಸಾಲು ನಿಂತ ಹಾಗೆ. ಪ್ರತಿಯೊಬ್ಬರ ಕೈಯಲ್ಲೂ ಬಿಸಿಯೂಟದ ಸ್ಟೀಲ್ ತಟ್ಟೆ ಹೊಳೆಯುತ್ತಿತ್ತು. ಮಕ್ಕಳು ಸತ್ತುಹೋಗಿದ್ದಾರೆ, ಇದು ನನ್ನ ಕಣ್ಣಿಗೆ ಕಾಣುತ್ತಿರುವ ಭ್ರಮೆ ಎಂದೇ ಅಂದುಕೊಂಡೆ.

ಮೀನು ಹಿಡಿಯುವವನೊಬ್ಬ ತೆಪ್ಪ ಒಯ್ದು ಇಬ್ಬಿಬ್ಬರನ್ನೇ ಕರೆತಂದ. ಭವ್ಯಳ ಕಾಲು ಕಲ್ಲಿಗೆ ತರಚಿತ್ತು. ಉಳಿದವರಿಗೆ ಏನೂ ಆಗಿರಲಿಲ್ಲ. ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ನೋಡಿದೆ. ಕೊನೆಗೆ ಬಂದವರು ನಂಜೇಗೌಡರು. ಹಿಂದಿನ ಹಲಗೆ ಕಿತ್ತುಹೋಗಿ, ಮೋಟಾರು ನೀರುಪಾಲಾಗಿತ್ತು.

“ಏನಾಯ್ತು? ಎಲ್ಲಿಗೆ ಹೊಡೆದ್ರಿ?” ಎಂದು ಸೇರಿದ್ದವರು ಕೇಳಿದರು.

“ನಮ್ಮ ಅಳೇ ಮನೆ ಜಗ್ಲಿ ಮೇಲೆ ಅತ್ಬುಡ್ತು” ಎಂದರು ಗೌಡರು, ನೆಲ ನೋಡುತ್ತ.

ಮುಳುಗಿದ ಕೊಪ್ಪಲಿನ ದಿಣ್ಣೆಯ ಮೇಲಿದ್ದ ಅವರ ಹುಟ್ಟಿದ ಮನೆಯ ಕಲ್ಲಿನ ಜಗಲಿ ಅದು. ನೀರು ಇಳಿದಾಗ ಮೊದಲು ಮೇಲೆ ಬರುವುದೇ ಅದು ಎಂದು ಊರಿಗೆಲ್ಲ ಗೊತ್ತು. ತಾನು ಹುಟ್ಟಿದ ಮನೆ ಎಲ್ಲಿದೆ ಎಂದು ತಿಳಿಯದೆ ಮಕ್ಕಳನ್ನು ತುಂಬಿಕೊಂಡು ಹೋಗಿ ಗುದ್ದಿದನೇ ಈ ಮುದುಕ? ನನ್ನ ಹೆದರಿಕೆಯೆಲ್ಲ ಒಂದೇ ಏಟಿಗೆ ಸಿಟ್ಟಾಗಿ ಬಾಯಿಗೆ ಬಂತು.

“ಕಣ್ಣು ಕಾಣಿಸಲ್ವಾ ನಿಮಗೆ? ವಯಸ್ಸಾದ ಮೇಲೆ ಮನೇಲಿ ಬಿದ್ದಿರಬೇಕು! ಆರು ಮಕ್ಕಳನ್ನ ಕೊಂದುಹಾಕ್ತಿದ್ರಲ್ಲ!”

ಭವ್ಯ ನನ್ನ ಸೀರೆ ಹಿಡಿದೆಳೆದು, “ಮಿಸ್, ಅಂಗಲ್ಲ ಮಿಸ್, ಮೊದ್ಲು...” ಎಂದಳು. “ನೀನು ಸುಮ್ನಿರೇ” ಎಂದು ಗದರಿದೆ. ಅವಳು ಗೌಡರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

“ತಪ್ಪಾಯ್ತು ಟೀಚರಮ್ಮ” ಎಂದರು ನಂಜೇಗೌಡರು. ಒದ್ದೆ ಟವೆಲ್ಲು ಹಿಂಡಿಕೊಂಡು ನಡೆದುಹೋದರು.

ಅವತ್ತೇ ಊರವರು ದೋಣಿಯನ್ನು ಅವರ ಕೈಯಿಂದ ಬಿಡಿಸಿದರು. ಮೂವತ್ತು ವರ್ಷ ನಡೆಸಿದ ದೋಣಿ. ಜಗಲಿಯ ಸುತ್ತ ಮುಳುಗಿ ಹುಡುಕಿದರೂ ಮೋಟಾರು ಸಿಗಲಿಲ್ಲ, ಹೂಳಿನಲ್ಲಿ ಇಳಿದಿರಬೇಕೆಂದು ಕೈಬಿಟ್ಟರು. ಹೊಸ ಹಲಗೆ ಕೂರಿಸಿ, ರಾಜಣ್ಣನ ತಮ್ಮಂದಿರು ಸರದಿಯಲ್ಲಿ ಹುಟ್ಟು ಹಾಕಿ ಮಕ್ಕಳನ್ನು ತಂದು ಬಿಡತೊಡಗಿದರು. ಗೌಡರು ಅದೇ ದೋಣಿಯಲ್ಲಿ ಬಂದು, ನಮ್ಮ ದಡದ ಹೊಂಗೆ ಮರದ ಕೆಳಗೆ ಕೂತು, ಸಂಜೆ ಮಕ್ಕಳ ಜೊತೆ ವಾಪಸು ಹೋಗುತ್ತಿದ್ದರು. ಎದುರು ಸಿಕ್ಕರೆ ನಾನು ಮುಖ ತಿರುಗಿಸುತ್ತಿದ್ದೆ. ನಿಜಕ್ಕೂ ತಿರುಗಿಸುತ್ತಿದ್ದೆ.

ಮಾರ್ಚಿ ಕೊನೆಗೆ ಪಬ್ಲಿಕ್ ಪರೀಕ್ಷೆ ಶುರುವಾಯಿತು. ಗಣಿತ ಮುಗಿದಿತ್ತು, ವಿಜ್ಞಾನ ಕೊನೆಯ ಪತ್ರಿಕೆ, ಅದಕ್ಕೆ ಎರಡು ದಿನ ಇತ್ತು. ಆ ಮಧ್ಯಾಹ್ನ ತೆಪ್ಪದವನು ಶಾಲೆಗೆ ಓಡಿಬಂದ. “ನಿಮ್ ಮೋಟ್ರು ಸಿಕ್ತು ಮೇಡಂ, ಬಲೆಗೆ ಸಿಕ್ಕಾಕಂಡಿತ್ತು!”

ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದಿದ್ದ. ಕೆಸರು ತೊಳೆದು ನೋಡಿದೆ. ಕಲ್ಲಿಗೆ ಗುದ್ದಿದ ಮೋಟಾರಿನ ನೀರು ತಳ್ಳುವ ಫ್ಯಾನು ಹೇಗಿರಬೇಕು? ಮುರಿದಿರಬೇಕು, ಕಡೇಪಕ್ಷ ಮಡಚಿರಬೇಕು. ಮೂರು ರೆಕ್ಕೆಗಳೂ ಅಂಗಡಿಯಲ್ಲಿ ಕಂಡಂತೆಯೇ ಇದ್ದವು, ಒಂದು ಗೀರೂ ಇರಲಿಲ್ಲ. ಮೋಟಾರಿನ ಕಚ್ಚುವ ಹಿಡಿಯಲ್ಲಿ ನಮ್ಮ ನೀಲಿ ಬಣ್ಣದ ಹಲಗೆಯ ಅರ್ಧ ಇನ್ನೂ ಕಚ್ಚಿಕೊಂಡೇ ಇತ್ತು. ಬೆರಳಿಟ್ಟೆ. ಬಣ್ಣದ ಒಳಗಿನ ಮರ ನೆನೆದ ಬ್ರೆಡ್ಡಿನಂತೆ ಒಳಕ್ಕೆ ಹೋಯಿತು.

“ಎಲ್ಲಿ ಸಿಕ್ತು ಇದು?” ಎಂದೆ.

ಅವನು ಕೈ ತೋರಿಸಿದ. ಜಗಲಿ ಈಗ ಒಣಗಿ ಮೇಲೆ ಎದ್ದು ಕಾಣುತ್ತಿತ್ತು. ಅವನು ತೋರಿಸಿದ್ದು ಅಲ್ಲಿಗಲ್ಲ. ಅದರಿಂದ ಒಂದು ಕೂಗಳತೆ ಆಚೆ, ನಮ್ಮ ದೋಣಿಯ ದಿನದ ದಾರಿಯ ಮೇಲೆ. “ಅಲ್ಲಿ ಅಳೇ ಊರಿನ ಕೆರೆ ಮೇಡಂ. ಈಗ್ಲೂ ಎರಡು ಆಳು ನೀರೈತೆ.”

ನಾನು ಕೆಸರಿನಲ್ಲೇ ಕೂತುಬಿಟ್ಟೆ. ಹಲಗೆ ಮೊದಲು ಮುರಿದಿತ್ತು. ನನ್ನ ಹದಿನೈದು ಎಚ್‌ಪಿಯ ಭಾರಕ್ಕೆ ಕೊಳೆತ ಹಲಗೆ ಕಿತ್ತು, ಆ ಆಳದ ಮೇಲೆ ಮೋಟಾರು ಮುಳುಗಿ, ಹಿಂದಿನಿಂದ ನೀರು ನುಗ್ಗಿತ್ತು. ಅಷ್ಟು ದೊಡ್ಡ ನೀರಿನಲ್ಲಿ ಮಕ್ಕಳು ಕಾಲೂರಿ ನಿಲ್ಲುವಂಥ ಜಾಗ ಇದ್ದದ್ದು ಒಂದೇ. ಗೌಡರಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ಮಕ್ಕಳನ್ನೆಲ್ಲ ಮುಂದಕ್ಕೆ ಕೂರಿಸಿ, ತಟ್ಟೆಯಲ್ಲಿ ನೀರು ಎತ್ತಿಹಾಕಲು ಹೇಳಿ, ಮುಳುಗುವ ದೋಣಿಗೆ ಹುಟ್ಟು ಹಾಕಿಕೊಂಡು ಅಲ್ಲಿಯವರೆಗೆ ಒಯ್ದಿದ್ದರು. ನಾನು ದಡದಲ್ಲಿ ಕಂಡ ಪಳಪಳ ಮಿನುಗು ಅದು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಾದರೂ ಅಲ್ಲವಲ್ಲ.

ಹೊಂಗೆ ಮರದ ಕೆಳಗೆ ಗೌಡರು ಬೀಡಿ ಸೇದುತ್ತಿದ್ದರು. ನನ್ನ ಕೆಸರು ಮೆತ್ತಿದ ಸೀರೆ ನೋಡಿ ಎದ್ದು ನಿಂತರು.

“ಯಾಕೆ ಗೌಡ್ರೇ? ಅವತ್ತು ಯಾಕೆ ಹೇಳಲಿಲ್ಲ? ನಾನು ಅಷ್ಟೊಂದು ಮಾತಾಡಿದೆನಲ್ಲ!” ಎನ್ನುವಷ್ಟರಲ್ಲಿ ಅಳು ಬಂತು.

“ಅಳ್ಬ್ಯಾಡಿ, ಅಳ್ಬ್ಯಾಡಿ” ಎಂದು ಅವರು ಗಾಬರಿಯಾದರು. “ಐಕ್ಳು ಚೆನ್ನಾಗವೆ ಅಲ್ವಾ? ಬುಡಿ ಮತ್ತೆ.”

“ನಾಳೆನೇ ಕೊಪ್ಪಲಿಗೆ ಬರ್ತೀನಿ. ಎಲ್ಲರ ಮುಂದೆ ಹೇಳ್ತೀನಿ, ತಪ್ಪು ನನ್ನದು ಅಂತ. ಮಕ್ಕಳಿಗೂ ಹೇಳ್ತೀನಿ.”

ಅವರು ಬೀಡಿಯನ್ನು ನೆಲಕ್ಕೆ ಒರೆಸಿ ಆರಿಸಿದರು. “ಪರೀಕ್ಷೆ ಮುಗೀಲಿ ಟೀಚರಮ್ಮ. ಇನ್ನೊಂದು ಪೇಪ್ರು ಐತೆ. ಅಲ್ಲೀಗಂಟ ಯಾರ ಮನ್ಸೂ ಕೆಡಬಾರ್ದು.”

ಒಪ್ಪಿಕೊಂಡೆ. ನನಗೆ ಅರ್ಥವಾದದ್ದು ಇಷ್ಟು: ಟೀಚರ ಲೆಕ್ಕವೇ ತಪ್ಪು ಎಂದು ಗೊತ್ತಾದರೆ ಮಕ್ಕಳು ನಾನು ಹೇಳಿಕೊಟ್ಟ ಪಾಠವನ್ನೂ ನಂಬದೆ ಪರೀಕ್ಷೆಯಲ್ಲಿ ತಡವರಿಸಿಯಾರು, ಅವರ ಧೈರ್ಯ ಉಳಿಸಲು ಈ ಮನುಷ್ಯ ಊರಿನ ಬೈಗುಳವನ್ನೆಲ್ಲ ತಾನೇ ಹೊತ್ತಿದ್ದಾರೆ. ಆ ಎರಡು ದಿನ ಮಕ್ಕಳ ಮುಂದೆ ನಗುನಗುತ್ತ ಪುನರಾವರ್ತನೆ ಮಾಡಿಸಿದೆ. ಪ್ರತಿ ಪ್ರಶ್ನೆಗೂ ಅವರು “ಎಸ್ ಮಿಸ್” ಎನ್ನುವಾಗ ನಾನು ಬೋರ್ಡು ಒರೆಸತೊಡಗುತ್ತಿದ್ದೆ.

ವಿಜ್ಞಾನ ಪರೀಕ್ಷೆ ಮುಗಿದಾಗ ನಾನು ಅರಕಲಗೂಡಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕಾದಿದ್ದೆ. ಆರೂ ಮಕ್ಕಳು ಪ್ರಶ್ನೆಪತ್ರಿಕೆ ಬೀಸಿಕೊಳ್ಳುತ್ತ, ನಗುತ್ತ ಹೊರಗೆ ಬಂದರು. ಸುಲಭ ಇತ್ತು ಮಿಸ್, ನೀವು ಹೇಳಿದ್ದೇ ಬಂದಿತ್ತು ಮಿಸ್, ಎಂದು ಒಟ್ಟಿಗೆ ಕೂಗಾಡಿದರು. ಅವರನ್ನು ನೆರಳಿಗೆ ಕರೆದೆ.

“ಒಂದು ವಿಷಯ ಹೇಳಬೇಕು. ದೋಣಿ ಮುರಿದದ್ದು ನಂಜೇಗೌಡರ ತಪ್ಪಿನಿಂದಲ್ಲ. ನಾನು ಆರಿಸಿದ ಮೋಟಾರು ತಪ್ಪು. ಅವರು ಬೇಡ ಅಂದರೂ ನಾನು ಕೇಳಲಿಲ್ಲ. ಅವರು ನಿಮ್ಮನ್ನ ಉಳಿಸಿದರು.”

ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಭವ್ಯ ಮೆಲ್ಲಗೆ ಹೇಳಿದಳು:

“ನಮ್ಗೆ ಗೊತ್ತಿತ್ತು ಮಿಸ್. ನಾವು ದೋಣೀಲೇ ಇದ್ವಲ್ಲ.”

“ಗೊತ್ತಿದ್ದೂ ಯಾಕೆ ಯಾರಿಗೂ ಹೇಳಲಿಲ್ಲ?”

“ತಾತ ಜಗ್ಲಿ ಮೇಲೆ ನಿಂತಿರೋವಾಗ್ಲೇ ಆಣೆ ಆಕ್ಸ್‌ಕಂಡ್ರು ಮಿಸ್. ನಿಮ್ ಟೀಚರಮ್ಮಂಗೆ ಗೊತ್ತಾದ್ರೆ ಎದೆ ಒಡ್ಕಂತಾಳೆ, ಆಮೇಲೆ ನಿಮ್ಗೆ ಪಾಠ ಯೋಳ್ಕೊಡೋರು ಯಾರು, ಪರೀಕ್ಷೆ ಮುಗಿಯೋಗಂಟ ಯಾರೂ ಬಾಯಿ ಬುಡ್ಬೇಡಿ ಅಂತ. ನಂಗೆ ಅವತ್ತು ನೀವು ಬೈತಿರೋವಾಗ ತಡ್ಯಕಾಗ್ಲಿಲ್ಲ.”

ಒಂದೂವರೆ ತಿಂಗಳು. ಆರು ಮಕ್ಕಳು ದಿನಾ ನನ್ನ ಮುಂದೆ ಕೂತು ನಾನು ಮಾಡಿದ ಪಾಠ ಬರೆದುಕೊಂಡಿದ್ದರು. ಗೌಡರನ್ನು ಕಂಡು ನಾನು ಮುಖ ತಿರುಗಿಸುವುದನ್ನು ಆರು ಜೋಡಿ ಕಣ್ಣು ನೋಡಿದ್ದವು. ಅವರು ಕಾಪಾಡುತ್ತಿದ್ದದ್ದು ನನ್ನನ್ನು.

ಭವ್ಯ ನನ್ನ ಕೈ ಹಿಡಿದುಕೊಂಡು ಕೇಳಿದಳು, “ಪರೀಕ್ಷೆ ಮುಗೀತಲ್ಲ ಮಿಸ್. ಈಗ ನಮ್ಮೂರಲ್ಲಿ ಯೋಳ್ಬೋದಾ?”